ಪೇಟೆಂಟು ಮತ್ತು ಲೋಕಹಿತ

ಕಳಸದ ಸಮೀಪದಲ್ಲಿ ನನ್ನ ಪರಿಚಿತರೊಬ್ಬರ ಸಣ್ಣ ಕಾಫಿ ತೋಟವಿದೆ. ಅರುವತ್ತನ್ನು ದಾಟಿದ ಆ ಹಿರಿಯರು ಒಂದು ಸಂಜೆ ತಮ್ಮ ಮನೆಯ ಜಗಲಿಯಲ್ಲಿ ಹಳೆಯ ರಸೀತಿಗಳ ಕಟ್ಟೊಂದನ್ನು ಬಿಚ್ಚಿ ನನ್ನ ಮುಂದಿರಿಸಿದರು. ಅವರ ತಂದೆಯ ಕಾಲದಿಂದ ಕಾಫಿ ಬೋರ್ಡಿನ ಪೂಲಿಗೆ ಕೊಟ್ಟ ಕಾಫಿಯ ಲೆಕ್ಕ ಅದರಲ್ಲಿತ್ತು. ಆಗ ಅವರ ಮನೆಯವರು ಅರ್ಬುದ ರೋಗದಿಂದ ಮಲಗಿದ್ದರು. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ತಯಾರಿಸುವವರು ಒಬ್ಬರೇ. ಅದರ ಒಂದು ತಿಂಗಳ ಬೆಲೆಯನ್ನು ತೋಟದ ಆದಾಯದಿಂದ ತೆರುವುದು ಅವರಿಗೆ ಅಸಾಧ್ಯವಾಗಿದ್ದಿತು. ಅವರು ಕೇಳಿದ ಪ್ರಶ್ನೆ ಇದು: “ಮೇಷ್ಟ್ರೇ, ನಮ್ಮ ಕಣದಲ್ಲಿ ಒಣಗಿದ ಕಾಫಿಯನ್ನು ಲೋಕಹಿತಕ್ಕೆ ಬೇಕೆಂದು ಸರ್ಕಾರದವರು ತೆಗೆದುಕೊಂಡರು. ನಾವು ಬೆಳೆದದ್ದನ್ನು ನಾವೇ ಮಾರಿಕೊಳ್ಳುವ ಹಾಗಿರಲಿಲ್ಲ. ಹಾಗಿದ್ದ ಮೇಲೆ ಈ ಮಾತ್ರೆಯ ಪೇಟೆಂಟನ್ನು ಏಕೆ ತೆಗೆದುಕೊಳ್ಳಬಾರದು? ಅದೇನು ನಮ್ಮ ಕಾಫಿಗಿಂತ ದೊಡ್ಡದೋ?”

ಆ ಹೊತ್ತಿಗೆ ನಾನು ಸರಿಯಾದ ಉತ್ತರವನ್ನು ಕೊಡಲಾರದೆ ಹೋದೆನು. ಈ ಭಾಷಣವು ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರವೆಂದು ಶ್ರೋತೃಗಳು ಭಾವಿಸಬೇಕು.

ಮೊದಲು ಪೂಲಿನ ಮಾತು. ಎರಡನೆಯ ಮಹಾಯುದ್ಧವು ಆರಂಭವಾದೊಡನೆ ಯೂರೋಪಿನ ಪೇಟೆಗಳು ನಮ್ಮ ಕಾಫಿಗೆ ಮುಚ್ಚಿಹೋದುವು. ಚಿಕ್ಕಮಗಳೂರು, ಮೂಡಿಗೆರೆ, ಕೊಡಗುಗಳ ಬೆಳೆಗಾರರು ನಾಶವಾಗದಂತೆ ಕಾಪಾಡಲು ಸರ್ಕಾರವು ಮಾರಾಟದ ನಿಯಂತ್ರಣವನ್ನು ಕೈಗೆ ತೆಗೆದುಕೊಂಡಿತು. ೧೯೪೨ರ ಕಾಫಿ ಕಾಯಿದೆಯು ಅದಕ್ಕೆ ಸ್ಥಿರವಾದ ರೂಪವನ್ನು ಕೊಟ್ಟಿತು. ಬೆಳೆಗಾರನು ಮನೆಯ ಖರ್ಚಿಗೂ ಬಿತ್ತನೆಗೂ ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕುದನ್ನು ಬೋರ್ಡಿಗೆ ಒಪ್ಪಿಸಬೇಕು. ಬೋರ್ಡು ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರಿ, ದರ್ಜೆಗೆ ತಕ್ಕಂತೆ ಕಂತು ಕಂತಾಗಿ ಹಣವನ್ನು ಹಂಚಬೇಕು. ಇದೇ ಪೂಲಿನ ಪದ್ಧತಿ. ೧೯೯೦ರ ದಶಕದಲ್ಲಿ ಅದು ಹಂತ ಹಂತವಾಗಿ ಸಡಿಲವಾಗಿ, ೧೯೯೬ರಲ್ಲಿ ಪೂರ್ತಿಯಾಗಿ ನಿಂತಿತು.

ಒಬ್ಬನ ಸೊತ್ತನ್ನು ಅವನ ಇಷ್ಟವನ್ನು ಕೇಳದೆ ಒಪ್ಪಿಸಿಕೊಳ್ಳುವ ಈ ವ್ಯವಹಾರವನ್ನು ಏನೆಂದು ಕರೆಯಬೇಕು? ವಶಪಡಿಸಿಕೊಳ್ಳುವುದೆಂದೋ, ಕ್ರಯವೆಂದೋ? ತೆರಿಗೆಯ ಒಂದು ವ್ಯಾಜ್ಯದಲ್ಲಿ ಈ ಪ್ರಶ್ನೆಯು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಬೆಳೆಗಾರನಿಗೆ ಒಪ್ಪಿಸದೆ ಗತಿಯಿಲ್ಲದಿದ್ದರೂ ಅವನಿಗೆ ಬೆಲೆ ಸಲ್ಲುತ್ತಿದ್ದುದರಿಂದ ಅದು ಮಾರಾಟವೇ ಹೊರತು ಬಲಾತ್ಕಾರದ ಸ್ವಾಧೀನವಲ್ಲವೆಂದು ೧೯೮೮ರಲ್ಲಿ ತೀರ್ಪಾಯಿತು. ಈ ಭೇದವನ್ನು ಶ್ರೋತೃಗಳು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಒಪ್ಪಿಗೆಯಿಲ್ಲದೆ ತೆಗೆದುಕೊಳ್ಳುವುದು ಒಂದು. ಬೆಲೆ ಕೊಡದೆ ತೆಗೆದುಕೊಳ್ಳುವುದು ಮತ್ತೊಂದು. ಪೇಟೆಂಟಿನ ವಿಷಯದಲ್ಲಿಯೂ ಮುಖ್ಯವಾದ ಮರ್ಮವು ಇಲ್ಲಿಯೇ ಇರುವುದು.

ಪೇಟೆಂಟು ಎಂದರೇನು? ಹೊಸದಾಗಿ ಒಂದು ಯಂತ್ರವನ್ನೋ ಔಷಧವನ್ನೋ ಕಂಡುಹಿಡಿದವನಿಗೆ ಸರ್ಕಾರವು ಬರೆದುಕೊಡುವ ಸನ್ನದು. ತನ್ನ ಉಪಜ್ಞೆಯ ಗುಟ್ಟನ್ನು ಅವನು ಲೋಕಕ್ಕೆ ಪೂರ್ತಿಯಾಗಿ ತಿಳಿಸಬೇಕು. ಅದಕ್ಕೆ ಪ್ರತಿಯಾಗಿ ನಿಯತವಾದ ಕಾಲ—ಈಗಿನ ಕಾಯಿದೆಯಂತೆ ಅರ್ಜಿಯ ದಿನದಿಂದ ೨೦ ವರ್ಷ—ಅವನ ಅನುಮತಿಯಿಲ್ಲದೆ ಇತರರು ಅದನ್ನು ತಯಾರಿಸಕೂಡದು, ಮಾರಕೂಡದು. ಅವಧಿ ತೀರಿದ ಮೇಲೆ ಅದು ಎಲ್ಲರ ಸೊತ್ತು. ಆದುದರಿಂದ ಪೇಟೆಂಟು ಪಿತ್ರಾರ್ಜಿತವಾದ ಗದ್ದೆಯಂತಹುದಲ್ಲ. ಅದು ರಾಜ್ಯವೂ ಉಪಜ್ಞಕನೂ ಮಾಡಿಕೊಂಡ ಒಡಂಬಡಿಕೆ. ಒಡಂಬಡಿಕೆಯೆಂದ ಮೇಲೆ ಷರತ್ತುಗಳೂ ಇರಲೇಬೇಕು. ಇಂಗ್ಲೆಂಡಿನಲ್ಲಿ ದೊರೆಗಳು ಉಪ್ಪು, ಇಸ್ಪೀಟು ಎಲೆ ಮೊದಲಾದುವುಗಳ ಏಕಸ್ವಾಮ್ಯವನ್ನೂ ತಮಗೆ ಬೇಕಾದವರಿಗೆ ಹಂಚತೊಡಗಿದಾಗ ಪಾರ್ಲಿಮೆಂಟು ೧೬೨೪ರಲ್ಲಿ ಅವುಗಳನ್ನು ರದ್ದುಮಾಡಿ, ನಿಜವಾದ ಹೊಸ ಉಪಜ್ಞೆಗಳಿಗೆ ಮಾತ್ರ, ಅದೂ ನಿಯತ ಕಾಲಕ್ಕೆ ಮಾತ್ರ, ಆ ಹಕ್ಕನ್ನು ಉಳಿಸಿತು. ಪೇಟೆಂಟಿನ ಕಾಯಿದೆಯು ಏಕಸ್ವಾಮ್ಯಕ್ಕೆ ಕಡಿವಾಣ ಹಾಕುವ ಉದ್ದೇಶದಿಂದಲೇ ಹುಟ್ಟಿತೆಂಬುದನ್ನು ಇಂದು ಅನೇಕರು ಮರೆತಿರುವರು.

ಭಾರತದಲ್ಲಿ ಸ್ವಾತಂತ್ರ್ಯಾನಂತರ ಈ ಷರತ್ತುಗಳನ್ನು ಬಲಪಡಿಸುವ ಯತ್ನವು ನಡೆಯಿತು. ಬಕ್ಷಿ ಟೇಕ್‌ಚಂದರ ಸಮಿತಿಯು ವಿಷಯವನ್ನು ವಿಮರ್ಶಿಸಿತು. ೧೯೧೧ರ ಹಳೆಯ ಕಾಯಿದೆಗೆ ೧೯೫೨ರಲ್ಲಿ ತಿದ್ದುಪಡಿಯಾಗಿ, ಆಹಾರ ಮತ್ತು ಔಷಧಗಳ ಜೊತೆಗೆ ಕೀಟನಾಶಕ, ಶಿಲೀಂಧ್ರನಾಶಕಗಳ ಪೇಟೆಂಟುಗಳಿಗೂ ಕಡ್ಡಾಯ ಲೈಸೆನ್ಸು ದೊರೆಯುವ ಏರ್ಪಾಡಾಯಿತು. ಎಲೆ ತುಕ್ಕು, ಕಾಂಡಕೊರಕಗಳೊಡನೆ ವರ್ಷವೆಲ್ಲ ಹೋರಾಡುವ ನಮ್ಮ ಬೆಳೆಗಾರರಿಗೆ ಈ ಕೊನೆಯ ಎರಡು ಪದಗಳ ಬೆಲೆ ಚೆನ್ನಾಗಿ ತಿಳಿಯುವುದು. ಅನಂತರ ಎನ್. ರಾಜಗೋಪಾಲ ಅಯ್ಯಂಗಾರ್ಯರು ೧೯೫೯ರಲ್ಲಿ ಸಲ್ಲಿಸಿದ ವಿಸ್ತಾರವಾದ ವರದಿಯ ಆಧಾರದ ಮೇಲೆ ೧೯೭೦ರ ಪೇಟೆಂಟು ಕಾಯಿದೆಯು ರಚಿತವಾಗಿ, ೧೯೭೨ರ ಏಪ್ರಿಲಿನಲ್ಲಿ ಜಾರಿಗೆ ಬಂದಿತು. ಔಷಧ ಮತ್ತು ಆಹಾರಗಳಲ್ಲಿ ವಸ್ತುವಿಗೆ ಪೇಟೆಂಟಿಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ ಉಂಟು ಎಂಬುದು ಅದರ ಮುಖ್ಯ ನಿಯಮವಾಗಿದ್ದಿತು. ಈ ನಿಯಮದ ನೆರಳಿನಲ್ಲಿ ನಮ್ಮ ದೇಶದ ಔಷಧ ಕೈಗಾರಿಕೆಯು ಬೆಳೆಯಿತು. ಅಂತರರಾಷ್ಟ್ರೀಯ ವಾಣಿಜ್ಯದ ಒಪ್ಪಂದಕ್ಕೆ ಕಟ್ಟುಬಿದ್ದು ೨೦೦೫ರ ಜನವರಿ ೧ರಿಂದ ಈ ನಿಯಮವನ್ನು ಬಿಡಬೇಕಾಯಿತು. ಔಷಧದ ವಸ್ತುವಿಗೇ ಪೇಟೆಂಟು ದೊರೆಯತೊಡಗಿದಂದಿನಿಂದ, ಕಾಯಿದೆಯಲ್ಲಿ ಸರ್ಕಾರಕ್ಕಿರುವ ಅಧಿಕಾರಗಳ ಮಹತ್ವವೂ ಹೆಚ್ಚಿತು.

ಆ ಅಧಿಕಾರಗಳನ್ನು ನಾಲ್ಕು ಬಾಗಿಲುಗಳೆಂದು ಭಾವಿಸಬಹುದು.

ಮೊದಲನೆಯದು ೮೪ನೆಯ ಪ್ರಕರಣದ ಕಡ್ಡಾಯ ಲೈಸೆನ್ಸು. ಪೇಟೆಂಟು ದೊರೆತು ಮೂರು ವರ್ಷ ಕಳೆದ ಮೇಲೆ, ಆಸಕ್ತನಾದ ಯಾವನೇ ಆಗಲಿ ಪೇಟೆಂಟು ಕಂಟ್ರೋಲರಲ್ಲಿ ಅರ್ಜಿ ಸಲ್ಲಿಸಬಹುದು. ಮೂರು ಕಾರಣಗಳಲ್ಲಿ ಒಂದನ್ನಾದರೂ ಸ್ಥಾಪಿಸಬೇಕು: ಜನರ ನ್ಯಾಯವಾದ ಅಗತ್ಯ ಪೂರೈಕೆಯಾಗಿಲ್ಲ, ಜನರ ಕೈಗೆಟುಕುವ ಬೆಲೆಗೆ ವಸ್ತು ದೊರೆಯುತ್ತಿಲ್ಲ, ಉಪಜ್ಞೆಯು ಭಾರತದಲ್ಲಿ ಬಳಕೆಗೆ ಬಂದಿಲ್ಲ. ಅರ್ಜಿದಾರನು ಮೊದಲು ಪೇಟೆಂಟಿನ ಒಡೆಯನನ್ನೇ ನ್ಯಾಯವಾದ ಷರತ್ತುಗಳ ಮೇಲೆ ಕೇಳಿರಬೇಕೆಂಬುದು ಸಾಮಾನ್ಯ ನಿಯಮ. ಲೈಸೆನ್ಸು ದೊರೆತರೂ ಒಡೆಯನ ಹಕ್ಕು ಅಳಿಯುವುದಿಲ್ಲ. ಅವನಿಗೆ ಗೌರವಧನವು ಸಲ್ಲುತ್ತಲೇ ಇರುವುದು, ಅವನು ತಾನೂ ತಯಾರಿಸಿ ಮಾರಬಹುದು. ಪೂಲಿನ ತೀರ್ಪಿನಲ್ಲಿ ಕಂಡ ಭೇದವು ಇಲ್ಲಿಯೂ ಕಾಣುವುದಷ್ಟೆ: ಒಪ್ಪಿಗೆ ಇಲ್ಲ, ಆದರೆ ಬೆಲೆ ಉಂಟು.

ಈ ಬಾಗಿಲು ಒಮ್ಮೆ ತೆರೆದ ಕಥೆಯನ್ನು ತುಸು ವಿಸ್ತಾರವಾಗಿಯೇ ಹೇಳಬೇಕು. ಮೂತ್ರಪಿಂಡ ಮತ್ತು ಯಕೃತ್ತಿನ ಅರ್ಬುದಕ್ಕೆ ಕೊಡುವ ಸೊರಾಫೆನಿಬ್ ಎಂಬ ಔಷಧದ ಭಾರತೀಯ ಪೇಟೆಂಟು ೨೦೦೮ರ ಮಾರ್ಚಿಯಲ್ಲಿ ಜರ್ಮನಿಯ ಬೇಯರ್ ಕಂಪನಿಗೆ ದೊರೆತಿದ್ದಿತು. ಒಂದು ತಿಂಗಳಿಗೆ ಬೇಕಾದ ೧೨೦ ಮಾತ್ರೆಗಳ ಬೆಲೆ ೨,೮೦,೪೨೮ ರೂಪಾಯಿ. ಹೈದರಾಬಾದಿನ ನ್ಯಾಟ್ಕೊ ಕಂಪನಿಯು ತಾನು ತಯಾರಿಸಲು ಅನುಮತಿಯನ್ನು ಬೇಡಿ, ಅದು ದೊರೆಯದೆ, ೨೦೧೧ರ ಜುಲೈಯಲ್ಲಿ ಕಂಟ್ರೋಲರ ಬಳಿಗೆ ಹೋಯಿತು. ೨೦೧೨ರ ಮಾರ್ಚಿ ೯ರಂದು ಕಂಟ್ರೋಲರು ಪಿ.ಎಚ್. ಕುರಿಯನ್ನರು ಮೂರು ಕಾರಣಗಳೂ ಸಿದ್ಧವಾದುವೆಂದು ಲೈಸೆನ್ಸನ್ನು ಕೊಟ್ಟರು. ಔಷಧವು ಬೇಕಾಗಿದ್ದ ರೋಗಿಗಳಲ್ಲಿ ನೂರಕ್ಕೆ ಎರಡರಷ್ಟು ಮಂದಿಗಿಂತ ತುಸು ಹೆಚ್ಚಿನವರಿಗೆ ಮಾತ್ರ ಅದು ದೊರೆಯುತ್ತಿದ್ದಿತೆಂಬುದು ಅವರು ಕಂಡ ಸಂಗತಿ. ಹೊಸ ಬೆಲೆಯು ೧೨೦ ಮಾತ್ರೆಗಳಿಗೆ ೮,೮೮೦ ರೂಪಾಯಿಯನ್ನು ಮೀರಕೂಡದು. ಮಾರಾಟದ ಮೇಲೆ ನೂರಕ್ಕೆ ೬ರಂತೆ ಬೇಯರಿಗೆ ಗೌರವಧನ ಸಲ್ಲಬೇಕು. ವರ್ಷಕ್ಕೆ ೬೦೦ ಮಂದಿ ಬಡ ರೋಗಿಗಳಿಗೆ ಔಷಧವನ್ನು ಧರ್ಮಾರ್ಥವಾಗಿ ಕೊಡಬೇಕು ಎಂಬುವು ಷರತ್ತುಗಳು. ಮೇಲ್ಮನವಿಯ ಮಂಡಲಿಯು ೨೦೧೩ರಲ್ಲಿ ಗೌರವಧನವನ್ನು ನೂರಕ್ಕೆ ೭ಕ್ಕೆ ಏರಿಸಿತು. ಮುಂಬಯಿ ಹೈಕೋರ್ಟು ೨೦೧೪ರ ಜುಲೈಯಲ್ಲಿ ಲೈಸೆನ್ಸನ್ನು ಎತ್ತಿಹಿಡಿಯಿತು. ಆ ವರ್ಷದ ಕೊನೆಗೆ ಸುಪ್ರೀಂ ಕೋರ್ಟೂ ಅದರಲ್ಲಿ ಕೈಹಾಕಲಿಲ್ಲ. ಬೆಲೆಯು ಮೂವತ್ತರಲ್ಲಿ ಒಂದು ಪಾಲಿಗಿಂತಲೂ ಕೆಳಕ್ಕಿಳಿದುದನ್ನು ಲೆಕ್ಕ ಬಲ್ಲವರು ತಾವೇ ಕಾಣಬಹುದು.

ಬಾಗಿಲು ಬಡಿದವರಿಗೆಲ್ಲ ತೆರೆಯಿತೆಂದಲ್ಲ. ರಕ್ತದ ಅರ್ಬುದದ ದಾಸಾಟಿನಿಬ್ ಎಂಬ ಔಷಧಕ್ಕೆ ಬಂದ ಅರ್ಜಿಯು, ಒಡೆಯನೊಡನೆ ಮೊದಲು ಸರಿಯಾಗಿ ಮಾತುಕತೆ ನಡೆಸಲಿಲ್ಲವೆಂಬ ಕಾರಣದಿಂದ ೨೦೧೩ರಲ್ಲಿ ಬಿದ್ದುಹೋಯಿತು. ಸಕ್ಕರೆ ರೋಗದ ಸಾಕ್ಸಾಗ್ಲಿಪ್ಟಿನ್ನಿಗೆ ಬಂದ ಅರ್ಜಿಯು, ಜನರಿಗೆ ಎಷ್ಟು ಬೇಕು, ಎಷ್ಟು ಸಿಗುತ್ತಿಲ್ಲ ಎಂಬುದನ್ನು ಸ್ಥಾಪಿಸಲಿಲ್ಲವೆಂದು ೨೦೧೬ರಲ್ಲಿ ತಿರಸ್ಕೃತವಾಯಿತು. ಆದುದರಿಂದ ಈ ಅಧಿಕಾರವನ್ನು ಸುಲಿಗೆಯೆಂದು ಕರೆಯುವವರು ಈ ಎರಡು ತೀರ್ಮಾನಗಳನ್ನೂ ಓದಿ ನೋಡುವುದೊಳ್ಳೆಯದು.

ಎರಡನೆಯ ಬಾಗಿಲು ೯೨ನೆಯ ಪ್ರಕರಣ. ರಾಷ್ಟ್ರೀಯ ತುರ್ತು ಪರಿಸ್ಥಿತಿಯಲ್ಲಿ, ಅತ್ಯಂತ ಜರೂರಿನಲ್ಲಿ, ಅಥವಾ ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಬಳಕೆಗಾಗಿ ಕೇಂದ್ರ ಸರ್ಕಾರವು ಪ್ರಕಟಣೆ ಹೊರಡಿಸಿದರೆ, ಮೂರು ವರ್ಷದ ಕಾಯುವಿಕೆಯಿಲ್ಲದೆ ಲೈಸೆನ್ಸುಗಳನ್ನು ಕೊಡಬಹುದು.

ಮೂರನೆಯದು ಸರ್ಕಾರದ ಸ್ವಂತ ಬಳಕೆ. ೧೦೦ನೆಯ ಪ್ರಕರಣದಂತೆ ಕೇಂದ್ರ ಸರ್ಕಾರವು ತಾನೇ ಆಗಲಿ, ಲಿಖಿತ ಅಧಿಕಾರ ಪಡೆದ ಇನ್ನೊಬ್ಬರ ಮೂಲಕವಾಗಲಿ ಸರ್ಕಾರದ ಕಾರ್ಯಗಳಿಗೆ ಪೇಟೆಂಟಾದ ಉಪಜ್ಞೆಯನ್ನು ಬಳಸಬಹುದು. ಪರಿಹಾರಧನದಲ್ಲಿ ಒಮ್ಮತವಾಗದಿದ್ದರೆ ಹೈಕೋರ್ಟು ಅದನ್ನು ನಿರ್ಣಯಿಸುವುದು. ೧೦೨ನೆಯ ಪ್ರಕರಣವು ಇನ್ನೂ ಮುಂದಕ್ಕೆ ಹೋಗಿ, ಪರಿಹಾರ ಕೊಟ್ಟು ಪೇಟೆಂಟನ್ನೇ ಸ್ವಾಧೀನಪಡಿಸಿಕೊಳ್ಳಲು ಅವಕಾಶ ಕೊಡುವುದು. ಇದು ನಮ್ಮ ದೇಶದವರು ಮಾತ್ರ ಮಾಡಿಕೊಂಡ ಏರ್ಪಾಡಲ್ಲ. ಇಂಗ್ಲೆಂಡಿನ ಆರೋಗ್ಯ ಇಲಾಖೆಯವರು ೧೯೬೦ರ ದಶಕದ ಆದಿಯಲ್ಲಿ ಟೆಟ್ರಾಸೈಕ್ಲಿನ್ ಎಂಬ ಔಷಧವನ್ನು ಪೇಟೆಂಟಿನ ಒಡೆಯರಿಂದ ಕೊಳ್ಳದೆ, ಇಟಲಿಯಿಂದ ಸುಲಭ ಬೆಲೆಗೆ ತರಿಸಿ ಸರ್ಕಾರಿ ಆಸ್ಪತ್ರೆಗಳಿಗೆ ಹಂಚಿದರು. ಫೈಜರ್ ಕಂಪನಿಯು ವ್ಯಾಜ್ಯ ಹೂಡಿದಾಗ, ರೋಗಿಗಳಿಗೆ ಔಷಧ ಕೊಡುವುದೂ ರಾಜ್ಯದ ಕಾರ್ಯವೇ ಎಂದು ಅಲ್ಲಿನ ಪ್ರಭುಸಭೆಯು ೧೯೬೫ರಲ್ಲಿ ತೀರ್ಪು ಕೊಟ್ಟಿತು.

ಆದರೆ ಸರ್ಕಾರದ ಹೆಸರು ಹೇಳಿದ ಮಾತ್ರಕ್ಕೆ ಎಲ್ಲವೂ ಸಲ್ಲದು. ಕೊಂಕಣ ರೈಲ್ವೆಯ ದಾರಿಯಲ್ಲಿ ಗುಡ್ಡ ಕುಸಿಯದಂತೆ ಕಲ್ಲುಗಳನ್ನು ಬಲೆಗಳಿಂದ ಬಿಗಿಯುವ ಕೆಲಸದಲ್ಲಿ ಒಂದು ಕಂಪನಿಯ ಪೇಟೆಂಟಾದ ವಿಧಾನವನ್ನು ಗುತ್ತಿಗೆದಾರರು ಬಳಸಿದರೆಂಬ ವ್ಯಾಜ್ಯವು ಮುಂಬಯಿ ಹೈಕೋರ್ಟಿಗೆ ಬಂದಿತು. ಸರ್ಕಾರದ ಕೆಲಸವೆಂಬ ಕಾರಣವೊಂದೇ ಸಾಲದು, ಕಾಯಿದೆಯಲ್ಲಿ ಹೇಳಿದ ಕ್ರಮದಲ್ಲಿ ಅಧಿಕಾರ ಪಡೆದಿರಬೇಕು ಎಂಬುದು ೨೦೦೯ರ ಆ ತೀರ್ಮಾನದ ಸಾರ. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯಲ್ಲಿ ಸಂಚರಿಸಿದವರಿಗೆ ಇಂಥ ಬಲೆಗಳ ಲೋಕಹಿತವನ್ನು ಬೇರೆ ಹೇಳಬೇಕಾದುದಿಲ್ಲ. ಆದರೂ ಲೋಕಹಿತಕ್ಕೂ ಒಂದು ಕ್ರಮ ಉಂಟು.

ನಾಲ್ಕನೆಯ ಬಾಗಿಲು ೬೬ನೆಯ ಪ್ರಕರಣ. ಪೇಟೆಂಟು ರಾಜ್ಯಕ್ಕೆ ಕೇಡನ್ನು ಅಥವಾ ಸಾಮಾನ್ಯವಾಗಿ ಜನತೆಗೆ ಬಾಧಕವನ್ನು ಉಂಟುಮಾಡುವುದೆಂದು ಕಂಡರೆ, ಒಡೆಯನ ಮಾತನ್ನೂ ಕೇಳಿ, ಕೇಂದ್ರ ಸರ್ಕಾರವು ಗೆಜೆಟ್ಟಿನ ಮೂಲಕ ಅದನ್ನು ರದ್ದುಮಾಡಬಹುದು. ಇದಕ್ಕೆ ನಮ್ಮ ಬೆಂಗಳೂರಿನದೇ ನಿದರ್ಶನವಿದೆ. ನೇರಳೆ, ಚಂದನ ಮೊದಲಾದುವನ್ನು ಸೇರಿಸಿದ ಸಕ್ಕರೆ ರೋಗದ ಯೋಗವೊಂದಕ್ಕೆ ಅವೆಸ್ತಾಜೆನ್ ಎಂಬ ಅಲ್ಲಿನ ಕಂಪನಿಗೆ ೨೦೧೨ರ ಏಪ್ರಿಲಿನಲ್ಲಿ ಪೇಟೆಂಟು ದೊರೆಯಿತು. ಈ ದ್ರವ್ಯಗಳ ಗುಣವು ಆಯುರ್ವೇದಕ್ಕೆ ಹಿಂದಿನಿಂದಲೂ ತಿಳಿದುದೇ ಎಂದು ಅದೇ ವರ್ಷದ ಅಕ್ಟೋಬರಿನಲ್ಲಿ ಸರ್ಕಾರವು ಆ ಪೇಟೆಂಟನ್ನು ರದ್ದುಗೊಳಿಸಿತು. ಮಲೆನಾಡಿನ ಯಾವ ಅಜ್ಜಿಯನ್ನು ಕೇಳಿದರೂ ಸಕ್ಕರೆ ರೋಗಕ್ಕೆ ನೇರಳೆ ಬೀಜದ ಪುಡಿಯನ್ನು ಹೇಳುವಳು. ಎಲ್ಲರಿಗೂ ಸೇರಿದುದನ್ನು ಒಬ್ಬನಿಗೆ ಬರೆದುಕೊಟ್ಟಾಗ ಅದನ್ನು ಹಿಂದಕ್ಕೆ ಪಡೆಯುವ ಅಧಿಕಾರವಿದು. ಇಲ್ಲಿ ಪರಿಹಾರದ ಮಾತಿಲ್ಲ; ಏಕೆಂದರೆ ಕೊಡಬಾರದಾಗಿದ್ದುದನ್ನೇ ಕೊಟ್ಟಿದ್ದುದು.

ಇಷ್ಟೆಲ್ಲ ಅಧಿಕಾರವಿದ್ದಮೇಲೆ ನನ್ನ ಪರಿಚಿತರು ಮಾತ್ರೆಗೆ ಏಕೆ ಪರದಾಡಬೇಕಾಯಿತೆಂದು ಶ್ರೋತೃಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮೊದಲನೆಯ ಬಾಗಿಲಿನಲ್ಲಿ ರೋಗಿಯು ಒಬ್ಬನೇ ನಿಂತರೆ ಫಲವಿಲ್ಲ. ತಯಾರಿಸಲು ಶಕ್ತಿಯುಳ್ಳ ಮತ್ತೊಬ್ಬನು ಮುಂದೆ ಬರಬೇಕು, ವ್ಯಾಜ್ಯದ ಖರ್ಚಿಗೂ ಕಾಲಹರಣಕ್ಕೂ ಸಿದ್ಧನಾಗಿರಬೇಕು. ಮಿಕ್ಕ ಬಾಗಿಲುಗಳ ಕೀಲಿಕೈ ಸರ್ಕಾರದ ಬಳಿಯಲ್ಲಿಯೇ ಇರುವುದು. ಕೇರಳದ ಹೈಕೋರ್ಟಿನಲ್ಲಿ ಸ್ತನದ ಅರ್ಬುದದಿಂದ ನರಳುತ್ತಿದ್ದ ಮಹಿಳೆಯೊಬ್ಬರು, ರಿಬೊಸಿಕ್ಲಿಬ್ ಎಂಬ ಔಷಧದ ವಿಷಯದಲ್ಲಿ ಈ ಅಧಿಕಾರವನ್ನು ಚಲಾಯಿಸುವಂತೆ ಸರ್ಕಾರಕ್ಕೆ ಆಜ್ಞೆ ಮಾಡಬೇಕೆಂದು ೨೦೨೨ರಲ್ಲಿ ಪ್ರಾರ್ಥಿಸಿದರು. ವಿಚಾರಣೆ ಮುಗಿಯುವ ಮೊದಲೇ ಅವರು ತೀರಿಕೊಂಡರು. ವಿಷಯವು ಒಬ್ಬರದಲ್ಲವೆಂದು ಭಾವಿಸಿ ನ್ಯಾಯಾಲಯವು ಅದನ್ನು ತಾನಾಗಿಯೇ ಮುಂದುವರಿಸಿತು. ವ್ಯಾಜ್ಯವು ಕಾಯಬಲ್ಲುದು, ರೋಗವು ಕಾಯುವುದಿಲ್ಲ.

ಎದುರು ಪಕ್ಷದ ವಾದವನ್ನೂ ಹಗುರವಾಗಿ ಕಾಣತಕ್ಕದ್ದಲ್ಲ. ಹೊಸ ಔಷಧವೊಂದನ್ನು ಕಂಡುಹಿಡಿಯಲು ಅಪಾರ ಧನವೂ ಹಲವು ವರ್ಷಗಳ ಶ್ರಮವೂ ಬೇಕು. ಹತ್ತು ಯತ್ನಗಳಲ್ಲಿ ಒಂಬತ್ತು ವ್ಯರ್ಥವಾದರೂ ಆಗಬಹುದು. ಫಲ ಬಂದಾಗ ಅದನ್ನು ಕಸಿದುಕೊಳ್ಳುವರೆಂಬ ಭಯವಿದ್ದರೆ ಗಿಡ ನೆಡುವವರಾರು? ಸಸಿ ನೆಟ್ಟು ಮೂರು ನಾಲ್ಕು ವರ್ಷ ಕಾಯುವ ಕಾಫಿ ಬೆಳೆಗಾರನಿಗಿಂತ ಚೆನ್ನಾಗಿ ಈ ವಾದವನ್ನು ಅರಿಯುವವರಿಲ್ಲ. ೨೦೨೧ರಲ್ಲಿ ಕೊರೋನಾ ಮಾರಿಯು ಉಲ್ಬಣಿಸಿದಾಗ ಸುಪ್ರೀಂ ಕೋರ್ಟು ೯೨, ೧೦೦, ೧೦೨ನೆಯ ಪ್ರಕರಣಗಳ ಕಡೆಗೆ ಸರ್ಕಾರದ ಗಮನವನ್ನು ಸೆಳೆಯಿತು. ಆ ಸಮಯದಲ್ಲಿ ಬಲಪ್ರಯೋಗವು ಪ್ರತಿಕೂಲವಾಗಬಹುದೆಂದೂ, ಕಚ್ಚಾ ಸಾಮಗ್ರಿಯ ಕೊರತೆಯೇ ಮುಖ್ಯ ತೊಡಕೆಂದೂ ಸರ್ಕಾರವು ಉತ್ತರ ಕೊಟ್ಟಿತು. ಆ ಉತ್ತರವನ್ನು ಒಪ್ಪದವರೂ ಒಂದನ್ನು ಒಪ್ಪಬೇಕು. ಲೈಸೆನ್ಸಿನ ಕಾಗದವು ತಾನಾಗಿ ಔಷಧವನ್ನು ತಯಾರಿಸುವುದಿಲ್ಲ. ಕೈಚಳಕ, ಸಾಮಗ್ರಿ, ಕಾರ್ಖಾನೆಗಳು ಬೇಕು.

ಅಲ್ಲದೆ ಯಾರೂ ಕಂಡುಹಿಡಿಯದಿರುವುದನ್ನು ಯಾವ ಕಾಯಿದೆಯೂ ವಶಪಡಿಸಿಕೊಳ್ಳಲಾರದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ೧೯೫೭ರಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಚಿಕ್ಕಮಗಳೂರು ಜಿಲ್ಲೆಯ ಕೂಲಿಯವರನ್ನೂ ಬಲಿತೆಗೆದುಕೊಂಡಿದೆ. ಸರ್ಕಾರಿ ಸಂಸ್ಥೆಯೇ ತಯಾರಿಸುತ್ತಿದ್ದ ಹಳೆಯ ಲಸಿಕೆಯು ನಿರೀಕ್ಷಿಸಿದಷ್ಟು ರಕ್ಷಣೆ ಕೊಡದೆ ಕೊನೆಗೆ ನಿಂತುಹೋಯಿತು. ಕಾಡಿನಂಚಿನ ಬಡವರ ಈ ರೋಗಕ್ಕೆ ಔಷಧ ಹುಡುಕುವುದರಲ್ಲಿ ಲಾಭವನ್ನು ಕಂಡವರು ವಿರಳ. ಇಲ್ಲಿ ತಡೆಯಾಗಿರುವುದು ಪೇಟೆಂಟಲ್ಲ, ಉಪಜ್ಞೆಯ ಅಭಾವ.

ಇಂಥ ಕಡೆ ರಾಜ್ಯವು ಮಾಡಬಹುದಾದುದೇನೆಂಬುದಕ್ಕೆ ಕಾಫಿಯ ಬೆಟ್ಟಗಳಲ್ಲಿಯೇ ಉತ್ತರವಿದೆ. ಅರಬ್ಬರು ಕಾಫಿಯ ಜೀವಂತ ಬೀಜವು ಹೊರಗೆ ಹೋಗದಂತೆ ಕಾದಿದ್ದರೆಂದೂ, ಬಾಬಾಬುಡನರು ಏಳು ಬೀಜಗಳನ್ನು ಮರೆಯಾಗಿ ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂದೂ ಐತಿಹ್ಯ. ಏಕಸ್ವಾಮ್ಯವನ್ನು ಮೀರಲು ಆಗ ಮರೆಯ ದಾರಿಯೊಂದೇ ಇದ್ದಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಎಲೆ ತುಕ್ಕು ರೋಗವು ಸಿಂಹಳದ ಕಾಫಿಯನ್ನು ನಿರ್ಮೂಲ ಮಾಡಿ ನಮ್ಮ ತೋಟಗಳಿಗೂ ಹಬ್ಬಿತು. ಆಗ ಕಳ್ಳದಾರಿಯಾಗಲಿ, ಬಲಪ್ರಯೋಗವಾಗಲಿ ಪ್ರಯೋಜನಕ್ಕೆ ಬರಲಿಲ್ಲ. ಮೈಸೂರು ಸರ್ಕಾರದವರು ೧೯೨೫ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕ್ಷೇತ್ರವನ್ನು ಸ್ಥಾಪಿಸಿದರು. ಅಲ್ಲಿ ೧೯೪೦ರ ದಶಕದಲ್ಲಿ ಸಿದ್ಧವಾದ ಎಸ್. ೭೯೫ ಎಂಬ ತಳಿಯು, ನಮ್ಮ ಸೀಮೆಯ ತೋಟದಲ್ಲಿಯೇ ಆಯ್ಕೆಯಾದ ಕೆಂಟ್ಸ್ ತಳಿಯ ಸಂಕರದಿಂದ ಹುಟ್ಟಿ, ಭಾರತದ ಅರೇಬಿಕಾ ತೋಟಗಳಲ್ಲೆಲ್ಲ ಹಬ್ಬಿತು. ಅದರ ಬೀಜಕ್ಕಾಗಿ ಬೆಳೆಗಾರನು ಯಾರ ಏಕಸ್ವಾಮ್ಯದ ಮುಂದೆಯೂ ಕೈಚಾಚಬೇಕಾಗಲಿಲ್ಲ. ಇಂದು ಸಸ್ಯತಳಿಗಳಿಗೆ ಪೇಟೆಂಟಿಲ್ಲದಿದ್ದರೂ, ೨೦೦೧ರ ತಳಿ ಸಂರಕ್ಷಣೆಯ ಕಾಯಿದೆಯು ಹೊಸ ತಳಿಯ ನಿರ್ಮಾತೃವಿಗೆ ಹಕ್ಕನ್ನು ಕೊಟ್ಟಿರುವುದು. ಬೀಜವು ನ್ಯಾಯವಾದ ಬೆಲೆಗೆ ದೊರೆಯದಿದ್ದರೆ ಮೂರು ವರ್ಷಗಳ ಮೇಲೆ ಕಡ್ಡಾಯ ಲೈಸೆನ್ಸು ಕೊಡುವ ಏರ್ಪಾಡನ್ನೂ ಮಾಡಿರುವುದು. ಆದರೆ ರಾಜ್ಯವು ತಾನೇ ಸಂಶೋಧನೆ ನಡೆಸಿ ಫಲವನ್ನು ಜನರಿಗೆ ಹಂಚಿದ ಕಡೆ ಕಸಿದುಕೊಳ್ಳುವ ಪ್ರಮೇಯವೇ ಬಾರದು.

ಇನ್ನು ನನ್ನ ಪರಿಚಿತರಿಗೆ ಉತ್ತರ. ಪೇಟೆಂಟು ಅವರ ಕಾಫಿಗಿಂತ ದೊಡ್ಡದಲ್ಲ. ಅದನ್ನು ತೆಗೆದುಕೊಳ್ಳುವ ಅಧಿಕಾರವು ಕಾಯಿದೆಯಲ್ಲಿಯೇ ಇದೆ. ಅಂತರರಾಷ್ಟ್ರೀಯ ಒಪ್ಪಂದವೂ ಅದನ್ನು ಮಾನ್ಯಮಾಡಿದೆ. ೨೦೦೧ರಲ್ಲಿ ದೋಹಾ ನಗರದಲ್ಲಿ ಸೇರಿದ ರಾಷ್ಟ್ರಗಳು ಅದನ್ನೇ ಒತ್ತಿ ಹೇಳಿವೆ. ಆದರೆ ಅವರ ರಸೀತಿಗಳ ಕಟ್ಟು ಇನ್ನೊಂದು ಪಾಠವನ್ನೂ ಹೇಳುತ್ತದೆ. ಯುದ್ಧದ ಆಪತ್ತಿಗೆಂದು ಹುಟ್ಟಿದ ಪೂಲು, ಯುದ್ಧ ಮುಗಿದು ಐವತ್ತು ವರ್ಷಗಳವರೆಗೂ ಉಳಿಯಿತು. ಬೆಲೆಯ ಕಂತುಗಳು ತಡವಾಗಿ ಬಂದಾಗ ಬೆಳೆಗಾರರು ಪಟ್ಟ ಪಾಡನ್ನು ಅವರೇ ಬಲ್ಲರು. ಆದುದರಿಂದ ಇಂಥ ಅಧಿಕಾರಕ್ಕೆ ಆದಿಯಲ್ಲಿ ಕಾರಣವೂ, ನಡುವೆ ನ್ಯಾಯವಾದ ಬೆಲೆಯೂ, ಕೊನೆಯಲ್ಲಿ ಮುಕ್ತಾಯವೂ ಇರಬೇಕು. ಪೇಟೆಂಟಿನ ಕಾಯಿದೆಯು ಈ ಮೂರನ್ನೂ ಮರೆತಿಲ್ಲ. ಕಾರಣ ತೀರಿದ ಮೇಲೆ ಕಡ್ಡಾಯ ಲೈಸೆನ್ಸನ್ನು ನಿಲ್ಲಿಸಲು ೯೪ನೆಯ ಪ್ರಕರಣವು ಅವಕಾಶ ಕೊಟ್ಟಿದೆ.

ಹೀಗೆ ಕೀಲಿಕೈ ಚೆನ್ನಾಗಿಯೇ ತಯಾರಾಗಿದೆ. ೮೪ನೆಯ ಪ್ರಕರಣದ ಬಾಗಿಲನ್ನು ಔಷಧಕ್ಕಾಗಿ ತೆರೆದುದು ೨೦೧೨ರ ಒಂದು ಪ್ರಸಂಗದಲ್ಲಿ. ಬೇಕೆಂದಾಗಲೆಲ್ಲ ಬಾಗಿಲನ್ನು ಮುರಿಯುವ ಮನೆಯಲ್ಲಿ ಯಾರೂ ಧಾನ್ಯ ಕೂಡಿಡುವುದಿಲ್ಲ. ಬರಗಾಲದಲ್ಲಿಯೂ ಬಾಗಿಲು ತೆರೆಯದ ಕಣಜದಿಂದ ಊರಿಗೆ ಉಪಯೋಗವಿಲ್ಲ. ಬರಗಾಲ ಯಾವುದೆಂಬುದನ್ನು ತಡಮಾಡದೆ, ಸಾಕ್ಷ್ಯವನ್ನು ನೋಡಿ, ಇಬ್ಬರ ಮಾತನ್ನೂ ಕೇಳಿ ನಿರ್ಣಯಿಸುವುದೇ ಆಳುವವರ ವಿವೇಕ. ಆ ನಿರ್ಣಯವನ್ನು ಕೇಳುವ ಹಕ್ಕು ಪ್ರಜೆಗಳಿಗೆ ಇರುವುದು. ಕೇಳಬೇಕಾದರೆ ಇಂಥ ಕಾಯಿದೆಯೊಂದು ಉಂಟೆಂಬುದು ಮೊದಲು ತಿಳಿದಿರಬೇಕು. ಕಳಸದ ಜಗಲಿಯಲ್ಲಿ ಅಂದು ನನಗೆ ಅದು ತಿಳಿದಿರಲಿಲ್ಲ.